ಶ್ಮೂನಿಯಮ್ಮನ ಬೇಯಿಸದ ಮೊಟ್ಟೆ

ಹೋದ ವರ್ಷ ಈಸ್ಟರ್ ಬೆಳಿಗ್ಗೆ ಮೋಸುಲ್ ಬಯಲಿನ ನಮ್ಮೂರು ತೆಲ್‌ಝೈತದ ಚರ್ಚಿನ ಅಂಗಳದಲ್ಲಿ, ಊರಿಗೆ ಊರೇ ನೆರೆದಿದ್ದಾಗ, ನಾನು ಪಾದ್ರಿ ಮಿಖಾ ಅವರ ಜರಿ ಅಂಚಿನ ಬಿಳಿ ನಿಲುವಂಗಿಯ ಮೇಲೆ ಒಂದು ಹಸಿ ಮೊಟ್ಟೆ ಒಡೆದೆ. ಅರ್ಧ ಅವರ ತೋಳಿನ ಪಾಲಾಯಿತು. ಉಳಿದರ್ಧ ನನ್ನ ಹೊಸ ಪ್ಯಾಂಟಿನ ಮೇಲೆ, ಮರ್ಯಾದಸ್ಥನಾದವನು ಎಲ್ಲಿ ಅಂತ ಹೇಳಲಾಗದ ಜಾಗದಲ್ಲಿ ಇಳಿಯಿತು. ವಯಸ್ಸು ಐವತ್ತೆರಡು, ಕಸುಬು ಮೇಷ್ಟ್ರಗಿರಿ, ಕಲಿಸುವುದು ಇತಿಹಾಸ. ಇತಿಹಾಸ ನನಗೇನೂ ಕಲಿಸಿಲ್ಲ ಅನ್ನುವುದಕ್ಕೆ ಆ ಪ್ಯಾಂಟು ಈಗಲೂ ಸಾಕ್ಷಿಯಾಗಿ ಬೀರುವಿನಲ್ಲಿದೆ.

ಆಗಿದ್ದು ಹೀಗೆ. ಈಸ್ಟರ್ ಪೂಜೆ ಮುಗಿದ ಮೇಲೆ ನಮ್ಮವರು ಅಂಗಳದಲ್ಲಿ ಮೊಟ್ಟೆ ಕುಟ್ಟುವ ಆಟ ಆಡುತ್ತಾರೆ. ಕೆಂಪು ಬಣ್ಣ ಕಟ್ಟಿದ ಬೇಯಿಸಿದ ಮೊಟ್ಟೆಯನ್ನು ಮುಷ್ಟಿಯಲ್ಲಿ ತುದಿ ಮಾತ್ರ ಕಾಣುವಂತೆ ಹಿಡಿಯಬೇಕು. ಎದುರಾಳಿ ತನ್ನ ಮೊಟ್ಟೆಯ ತುದಿಯಿಂದ ಅದಕ್ಕೆ ಕುಟ್ಟುತ್ತಾನೆ. ಯಾರದು ಬಿರಿಯಿತೋ ಅವನು ಸೋತ, ಮೊಟ್ಟೆಯೂ ಹೋಯಿತು. ನಾನು ಎಳ್ಳಿನ ಗಿರಣಿಯ ಜಿಬ್ರಾಯೀಲನ ಎದುರು ಮೊದಲ ಏಟಿಗೇ ಸೋತಿದ್ದೆ.

"ಏನ್ ಮೇಷ್ಟ್ರೇ, ಒಂದೇ ಏಟಿಗೆ ಮಲಗಿಬಿಡ್ತಲ್ಲ! ನಿಮ್ಮ ಕೋಳಿಗೂ ಪಿಂಚಣಿ ವಯಸ್ಸಾಯ್ತಾ?" ಎಂದು ಅವನು ಎಲ್ಲರಿಗೂ ಕೇಳುವಂತೆ ಅಂದ.

ಆಗ ಪಾದ್ರಿಗಳು ಗೆಲ್ಲುತ್ತಾ ನನ್ನ ಕಡೆಗೇ ಬರುತ್ತಿದ್ದರು. ನನ್ನ ಕೈ ಖಾಲಿ. ಕಟ್ಟೆಯ ಮೇಲೆ ಶ್ಮೂನಿಯಮ್ಮನ ಬುಟ್ಟಿ ಇತ್ತು. ಅದರ ಮೂಲೆಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಮೊಟ್ಟೆ, ಉಳಿದವಕ್ಕಿಂತ ಕಡುಗೆಂಪು. ಊರಿಗೆಲ್ಲ ಮೊಟ್ಟೆಗೆ ಬಣ್ಣ ಕಟ್ಟಿಕೊಡುವ ಮುದುಕಿ, ಗಟ್ಟಿಮುಟ್ಟಾದ ಒಂದನ್ನು ತನಗೆಂದು ಬಚ್ಚಿಟ್ಟುಕೊಂಡಿದ್ದಾಳೆ ಎಂದು ನನ್ನ ಬುದ್ಧಿ ಲೆಕ್ಕ ಹಾಕಿತು. ಕದ್ದೆ. ಹಿಡಿದೆ. ಪಾದ್ರಿಗಳು ಕುಟ್ಟಿದರು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇಷ್ಟ್ರ ಮನೇಲಿ ಈ ವರ್ಷ ಒಲೆಯೂ ಉಪವಾಸ!" ಎಂದು ಯಾರೋ ಕೂಗಿದರು. ಪಾದ್ರಿಗಳು ತೋಳನ್ನು ದೂರ ಹಿಡಿದುಕೊಂಡು, "ಸ್ವಲ್ಪ ಹಿಟ್ಟು, ಸಕ್ಕರೆ ತನ್ರಪ್ಪ, ಇಲ್ಲೇ ಕೇಕ್ ಮಾಡೋಣ" ಅಂದರು. ಆಮೇಲೆ ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಂದೊಂದಾಗಿ ನಿಂತುಹೋಯಿತು. ಶ್ಮೂನಿಯಮ್ಮ ಬಂದಿದ್ದಳು. ಎಪ್ಪತ್ತರ ಮುದುಕಿ, ಮಂಡಿ ನೋವಿನವಳು, ಕಲ್ಲುಹಾಸಿನ ಮೇಲೆ ಕೂತು ಕೆಂಪು ಸಿಪ್ಪೆಯ ಚೂರುಗಳನ್ನು ಆ ಬಿಳಿ ಬಟ್ಟೆಗೆ ಹೆಕ್ಕತೊಡಗಿದಳು. ಅವಳ ಸೊಸೆ ಬಸ್ಮಾ ಹಿಂದೆ ನಿಂತಿದ್ದಳು, ಬಾಗಲಿಲ್ಲ.

"ಶ್ಮೂನಿಯಮ್ಮ, ನನಗೆ..." ಎಂದೆ. ಗೊತ್ತಿರಲಿಲ್ಲ ಅನ್ನಬೇಕೆಂದಿದ್ದೆ. ಅದು ಸುಳ್ಳು. ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಗೆಲ್ಲುವ ಚಪಲದಲ್ಲಿ ನೆನಪಾಗಲಿಲ್ಲ, ಅಷ್ಟೇ.

ಅವಳು ತಲೆ ಎತ್ತಲಿಲ್ಲ. "ಮೊದಲು ಪ್ಯಾಂಟು ಒರೆಸ್ಕೊಳ್ಳಿ ಮೇಷ್ಟ್ರೇ. ಹಳದಿ ಒಣಗಿದ್ರೆ ಕಲೆ ಹೋಗಲ್ಲ."

ನಾನು ಒಡೆದಿದ್ದು ಅವಳ ಮಗ ಯಲ್ದಾನ ಮೊಟ್ಟೆ.

ಶ್ಮೂನಿಯಮ್ಮನಿಗೆ ಮೊಟ್ಟೆಯ ಕೆಲಸ ಅವಳ ಅಜ್ಜಿಯಿಂದ ಬಂದದ್ದು. ಈಸ್ಟರಿಗೆ ಮುಂಚೆ ಐವತ್ತು ದಿನ ನಮ್ಮಲ್ಲಿ ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಈಗಿನವರು ಮೊದಲ ವಾರ, ಕೊನೆಯ ವಾರ ಮಾಡಿ ಕೈ ತೊಳೆದುಕೊಳ್ಳುತ್ತಾರೆ, ನನ್ನಂಥವರು ಬುಧವಾರ ಮಾತ್ರ ಹಿಡಿದು ಉಳಿದ ದಿನ ಪಶ್ಚಾತ್ತಾಪ ಪಡುತ್ತಾರೆ. ಆದರೆ ಮನೆಯ ಹೆಂಗಸರು ಮೊಟ್ಟೆಯನ್ನು ಮಾತ್ರ ಈಗಲೂ ಹೊಟ್ಟಿನ ಬುಟ್ಟಿಯಲ್ಲಿ ಕೂಡಿಡುತ್ತಾರೆ. ಪವಿತ್ರ ಗುರುವಾರ ಅವೆಲ್ಲ ಶ್ಮೂನಿಯಮ್ಮನ ಅಂಗಳಕ್ಕೆ ಬರುತ್ತವೆ. ಅವಳು ಈರುಳ್ಳಿ ಸಿಪ್ಪೆ, ಮಂಜಿಷ್ಠದ ಬೇರು ಹಾಕಿದ ನೀರಿನಲ್ಲಿ ಬೇಯಿಸಿ ಕೆಂಪು ಮಾಡಿಕೊಡುತ್ತಾಳೆ. ಮನೆಯಲ್ಲಿ ಬದುಕಿರುವವರಿಗೆ ತಲೆಗೊಂದು, ಅದನ್ನು ಭಾನುವಾರ ಆಟದಲ್ಲಿ ಒಡೆಯಬೇಕು. ಸತ್ತವರಿಗೂ ತಲೆಗೊಂದು, ಅದನ್ನು ಸೋಮವಾರ ಸಮಾಧಿಯ ಕಲ್ಲಿಗೆ ಕುಟ್ಟಿ ಒಡೆಯಬೇಕು. ಎರಡೂ ಒಂದೇ ಹಂಡೆಯಲ್ಲಿ ಬೇಯುತ್ತವೆ. ಶ್ಮೂನಿಯಮ್ಮ ಬೇರೆ ಮಾಡುವುದಿಲ್ಲ.

ಮೊಟ್ಟೆ ಈಸ್ಟರಿಗೆ ಹೇಗೆ ಬಂತು ಎಂಬ ವಿಷಯದಲ್ಲಿ ನಾನು ಒಮ್ಮೆ ದೊಡ್ಡ ಪಂಡಿತನಾಗಿದ್ದೆ. ಹನ್ನೊಂದು ವರ್ಷದ ಹಿಂದೆ, ಊರು ಇನ್ನೂ ಊರಾಗಿದ್ದಾಗ, ಚರ್ಚಿನ ಸ್ಮರಣ ಸಂಚಿಕೆಗೆಂದು ಹದಿನಾರು ಪುಟ ಬರೆದೆ. ಮೊಟ್ಟೆಗೆ ಮೊದಲು ಕೆಂಪು ಹಚ್ಚಿದ್ದು ನಮ್ಮ ಈ ಎರಡು ನದಿಗಳ ಬಯಲಿನ ಹಳೆಯ ಕ್ರೈಸ್ತರೇ ಎಂದು ಹೊರದೇಶದವರೂ ಬರೆಯುತ್ತಾರೆಂದು ಎದೆಯುಬ್ಬಿಸಿ ಬರೆದೆ. ಕೆಂಪು ಅಂದರೆ ಯೇಸುವಿನ ರಕ್ತ, ಸಿಪ್ಪೆ ಅಂದರೆ ಮುಚ್ಚಿದ ಸಮಾಧಿ, ಒಡೆಯುವುದೆಂದರೆ ಎದ್ದು ಬಂದದ್ದು ಎಂದೆಲ್ಲ. ಆ ವರ್ಷದ ಪವಿತ್ರ ಗುರುವಾರ, ಹಂಡೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಶ್ಮೂನಿಯಮ್ಮನಿಗೆ ಓದಿ ಹೇಳಿದೆ. ಅವಳು ಮರದ ಸೌಟಿನಲ್ಲಿ ತಿರುವುತ್ತಾ ಮೂರು ಪುಟ ತಡೆದುಕೊಂಡಳು.

"ಇಷ್ಟೆಲ್ಲಾ ಯಾಕೆ ಮೇಷ್ಟ್ರೇ? ಐವತ್ತು ದಿನ ನಾವು ತಿನ್ನಲ್ಲ. ಕೋಳಿಗೆ ಉಪವಾಸ ಅಂತ ಯಾರು ಹೇಳಿದಾರೆ? ಅದು ಇಡ್ತಾನೇ ಇರುತ್ತೆ. ಇಟ್ಟಿದ್ದನ್ನ ಏನಾದ್ರೂ ಮಾಡಬೇಕಲ್ಲ."

"ಸರಿ, ಕೆಂಪು ಯಾಕೆ?"

"ಹಸಿರು ಮಾಡಿದ್ರೆ ಯಾರು ತಿಂತಾರೆ?"

ನಾನು ಪುಟಗಳನ್ನು ಮಡಚುತ್ತಿದ್ದಾಗ ಅವಳಿಗೇ ಪಾಪ ಅನ್ನಿಸಿರಬೇಕು. "ನಮ್ಮಜ್ಜಿ ಒಂದು ಹೇಳ್ತಿದ್ಲು" ಅಂದಳು. "ಹೊರಗಿಂದ ನೋಡಿದ್ರೆ ಕಲ್ಲು. ಉಸಿರಿಲ್ಲ, ಅಲ್ಲಾಡಲ್ಲ. ಮುಗೀತು ಅಂತ ಅನ್ಕೋತೀವಿ. ಒಂದಿನ ಒಳಗಿಂದ ಕುಕ್ಕಿ ಮರಿ ಹೊರಗೆ ಬರುತ್ತೆ. ಅವನೂ ಹಾಗೇ ಬಂದ. ಅದಕ್ಕೇ ಮೊಟ್ಟೆ."

ನನಗೆ ಮಾತಿನ ಕೊನೆಯಲ್ಲಿ ಒಂದು ಚಟಾಕಿ ಹಾರಿಸದಿದ್ದರೆ ಅನ್ನ ಅರಗುವುದಿಲ್ಲ. "ಅದೇನೋ ಸರಿ ಶ್ಮೂನಿಯಮ್ಮ. ಆದ್ರೆ ಮರಿ ಬರಬೇಕಾದ್ರೆ ಬೇಯಿಸಬಾರದಲ್ಲ! ನೀವು ಬೇಯಿಸಿಬಿಟ್ಟು, ಎದ್ದು ಬಾ ಅಂದ್ರೆ ಅವನಾದ್ರೂ ಹೇಗೆ ಬರ್ತಾನೆ?"

ಅಂಗಳದಲ್ಲಿದ್ದ ಹೆಂಗಸರೆಲ್ಲ ನಕ್ಕರು. ಯಲ್ದಾ, ಆಗ ಮದುವೆಯಾಗಿ ನಾಲ್ಕು ತಿಂಗಳಾಗಿದ್ದ ಹುಡುಗ, ಬೈಕಿನ ಮೇಲೆ ಕೂತು ಎಲ್ಲರಿಗಿಂತ ಜೋರಾಗಿ ನಕ್ಕ. ಶ್ಮೂನಿಯಮ್ಮ ಮಾತ್ರ ಸೌಟು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ಮನೆಗೆ ಹೋಗಿ ಊಟ ಮಾಡಿ ಅದನ್ನು ಮರೆತೆ.

ಅದೇ ವರ್ಷ ಆಗಸ್ಟಿನಲ್ಲಿ ಕಪ್ಪು ಬಾವುಟದವರು ಮೋಸುಲಿನಿಂದ ಈ ಕಡೆ ಹೊರಟರೆಂದು ಸುದ್ದಿ ಬಂತು. ನಾವೆಲ್ಲ ಮೈಮೇಲಿನ ಬಟ್ಟೆಯಲ್ಲಿ, ಒಂದು ಗಂಟೆ ದೂರದ ಅಂಕಾವ ಪಟ್ಟಣಕ್ಕೆ ಓಡಿದೆವು. ಎರಡು ದಿನ, ಹೆಚ್ಚೆಂದರೆ ಮೂರು ದಿನ ಎಂದುಕೊಂಡು ಓಡಿದೆವು. ನಮ್ಮೂರವರ ದಡ್ಡತನ ಇದ್ದದ್ದು ಇಲ್ಲೇ. ಒಬ್ಬಳು ಹಿಟ್ಟು ನಾದಿ ಮುಚ್ಚಿಟ್ಟು ಬಂದಿದ್ದಳು. ನಾನು ಹತ್ತನೇ ತರಗತಿಯ ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲೆ ಕಲ್ಲು ಹೇರಿಟ್ಟು ಬಂದಿದ್ದೆ, ಗಾಳಿಗೆ ಹಾರಬಾರದಲ್ಲ. ಶ್ಮೂನಿಯಮ್ಮ ಕೋಳಿಗೂಡಿನ ಬಾಗಿಲಿಗೆ ಚಿಲಕ ಹಾಕಿ ಬಂದಿದ್ದಳು, ನರಿ ಹಿಡಿಯಬಾರದೆಂದು.

ಮಾರನೆಯ ಬೆಳಿಗ್ಗೆ ಅಂಕಾವದ ಚರ್ಚಿನ ತೋಟದಲ್ಲಿ, ಒಂದು ಮರದ ನೆರಳಿಗೆ ನಲವತ್ತು ಜನ ಕೂತಿದ್ದಾಗ ಅವಳಿಗೆ ಅದು ನೆನಪಾಯಿತು. "ಅಯ್ಯೋ, ನೀರಿಲ್ಲದೆ ಸಾಯ್ತವಲ್ಲೋ ಯಲ್ದಾ. ಬಾಗಿಲು ತೆಗೆದು ಬಿಟ್ಟು ಬಾರೋ, ಹೇಗೋ ಬದುಕ್ಕೊಳ್ತವೆ. ಒಂದು ಗಂಟೆ ದಾರಿ." ನಾನು ಪಕ್ಕದಲ್ಲೇ ಇದ್ದೆ. ಬೇಡ ಅನ್ನಬೇಕೆಂದು ನನಗೂ ಹೊಳೆಯಲಿಲ್ಲ. ನನ್ನ ಉತ್ತರ ಪತ್ರಿಕೆಗಳನ್ನೂ ತಂದುಬಿಡು ಎಂದು ಹೇಳಿ ಕಳಿಸಿದೆ.

ಮಧ್ಯಾಹ್ನ ಅವನ ಫೋನು ಬಂತು. ಶ್ಮೂನಿಯಮ್ಮ ಅದನ್ನು ಕಿವಿಯಿಂದ ದೂರ ಹಿಡಿದು ಮಾತಾಡುವವಳು, ನಮಗೂ ಕೇಳಿಸಿತು. "ಬಾಗಿಲು ತೆಗೆದಿದೀನಮ್ಮಾ. ಎಲ್ಲಾ ಹೊರಗೆ ಹೋದವು. ಆ ಕಪ್ಪು ಹುಂಜ ಒಂದು ಹಟ ಮಾಡ್ತಿದೆ." ಅಷ್ಟೇ. ಆಮೇಲೆ ಆ ಫೋನು ಎಂದೂ ಹತ್ತಲಿಲ್ಲ.

ಮುಂದಿನ ಮೂರು ವರ್ಷ ನಾವು ಅಂಕಾವದ ತಗಡಿನ ಡಬ್ಬಿಗಳಲ್ಲಿ ಇದ್ದೆವು. ಸಾಮಾನು ಸಾಗಿಸುವ ಡಬ್ಬಿಗೆ ಕಿಟಕಿ ಕೊರೆದರೆ ಅದನ್ನು ಮನೆ ಎನ್ನುತ್ತಾರೆ. ನಮ್ಮ ಪಕ್ಕದ ಡಬ್ಬಿಯಲ್ಲಿ ಶ್ಮೂನಿಯಮ್ಮ, ಸೊಸೆ ಬಸ್ಮಾ. ಮೊದಲ ಈಸ್ಟರಿಗೆ ಅವಳು ಎಲ್ಲಿಂದಲೋ ಈರುಳ್ಳಿ ಸಿಪ್ಪೆ ಕೂಡಿಹಾಕಿ ಶಿಬಿರದವರಿಗೆಲ್ಲ ಮೊಟ್ಟೆ ಬೇಯಿಸಿಕೊಟ್ಟಳು. ಒಂದನ್ನು ಮಾತ್ರ ಬೇಯಿಸಲಿಲ್ಲ. ಮಂಜಿಷ್ಠದ ನೀರನ್ನು ಆರಿಸಿ, ಒಂದು ಚಮಚ ಹುಳಿನೀರು ಬಿಟ್ಟು, ಮೂರು ದಿನ ಅದರಲ್ಲಿ ಅದ್ದಿಟ್ಟು ಕೆಂಪು ಮಾಡಿದಳು. ಪೂಜೆಗೆ ಒಯ್ದು, ಪವಿತ್ರ ಜಲ ಹಾಕಿಸಿ, ತಂದು ಮಾತೆಯ ಪಟದ ಮುಂದೆ ಬಟ್ಟಲಲ್ಲಿ ಇಟ್ಟಳು.

ಆ ಜುಲೈನಲ್ಲಿ ಶಿಬಿರದಲ್ಲಿ ಸಹಿಸಲಾಗದ ನಾತ ಹಬ್ಬಿತು. ಯಾರೋ ಒಳಗೇ ಸತ್ತಿದ್ದಾರೆಂದು ಜನ ಡಬ್ಬಿ ಡಬ್ಬಿಯ ಬಾಗಿಲು ತಟ್ಟಿದರು. ಕಾವಲಿನವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ನನ್ನ ಹಾಸಿಗೆಯನ್ನೂ ಎತ್ತಿ ನೋಡಿದರು. ನಾನು ಜೀವಂತ ಇರುವುದು ಅವರಿಗೆ ಕೊಂಚ ನಿರಾಸೆ ತಂದಂತಿತ್ತು. ಕೊನೆಗೆ ಬಸ್ಮಾ ಹೊರಗೆ ಬಂದು ಮೆಲ್ಲಗೆ, "ನಮ್ಮನೇದೇ. ಮೊಟ್ಟೆ ಒಡೀತು, ಸೆಕೆಗೆ" ಅಂದಳು. ಯಾವ ಮೊಟ್ಟೆ ಎಂದು ಯಾರೂ ಕೇಳಲಿಲ್ಲ. ನಾನು ಮಾತ್ರ ಕೇಳಿದೆ.

"ಬೇಯಿಸಿಡಬಾರದಿತ್ತಾ ಶ್ಮೂನಿಯಮ್ಮ?"

"ನೀವೇ ಅಂದಿದ್ರಲ್ಲ ಮೇಷ್ಟ್ರೇ" ಅಂದಳು, ನೆಲ ಒರೆಸುತ್ತಾ. "ಮರಿ ಬರಬೇಕಾದ್ರೆ ಬೇಯಿಸಬಾರದು ಅಂತ."

ಜೀವಮಾನದಲ್ಲಿ ನನ್ನ ಚಟಾಕಿಯೊಂದನ್ನು ಒಬ್ಬರು ಮನಸ್ಸಿಗೆ ತೆಗೆದುಕೊಂಡದ್ದು ಅದೊಂದೇ ಸಲ.

ಊರು ಬಿಡುಗಡೆಯಾದ ಮೇಲೆ ವಾಪಸು ಬಂದೆವು. ನನ್ನ ಮನೆಗೆ ಬಾಗಿಲಿರಲಿಲ್ಲ. ಶ್ಮೂನಿಯಮ್ಮನ ಮನೆ ಸುಟ್ಟು ಕಪ್ಪಾಗಿತ್ತು. ಕೋಳಿಗೂಡಿನ ಬಾಗಿಲು ಹಾರುಹೊಡೆದಿತ್ತು, ಚಿಲಕ ಬಿಚ್ಚಿ ಪಕ್ಕದ ಮೊಳೆಗೆ ನೀಟಾಗಿ ಸಿಕ್ಕಿಸಿತ್ತು. ಯಲ್ದಾ ಅಲ್ಲಿಯವರೆಗೆ ಬಂದಿದ್ದನೆನ್ನಲು ಇದ್ದ ಗುರುತು ಅದೊಂದೇ. ಮೋಸುಲಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಒಬ್ಬ, ಅವನನ್ನು ಇನ್ನೂ ಹಲವರ ಜೊತೆ ಲಾರಿಗೆ ಹತ್ತಿಸಿದ್ದನ್ನು ಕಂಡೆ ಎಂದ. ಲಾರಿ ಮರುಭೂಮಿಯ ಕಡೆ ಹೋಗಿ ಖಾಲಿಯಾಗಿ ತಿರುಗಿ ಬಂತು ಎಂದ. ಸರ್ಕಾರದವರು ಗುಂಡಿಗಳನ್ನು ಅಗೆದಾಗಲೆಲ್ಲ ಶ್ಮೂನಿಯಮ್ಮನ ರಕ್ತ ತೆಗೆದುಕೊಂಡು ಹೋಗುತ್ತಿದ್ದರು. ಯಾವ ಮೂಳೆಗೂ ತಾಳೆಯಾಗಲಿಲ್ಲ. ಪ್ರತಿ ಸಲವೂ ಅವಳು ತೋರುಬೆರಳನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದಳು, ಮುಳ್ಳು ಚುಚ್ಚಿದ ಮಗುವಿನಂತೆ. ಪ್ರತಿ ಈಸ್ಟರಿಗೂ ಒಂದು ಹಸಿ ಮೊಟ್ಟೆ ಕೆಂಪಾಗುತ್ತಿತ್ತು.

ಇದರ ನಡುವೆ ಬಸ್ಮಾಳ ವಯಸ್ಸು ಇಪ್ಪತ್ತೆರಡರಿಂದ ಮೂವತ್ತೆರಡಕ್ಕೆ ಬಂದಿತ್ತು. ಗಂಡನ ಜೊತೆ ಬಾಳಿದ್ದು ಎಂಟು ತಿಂಗಳು. ಎಳ್ಳಿನ ಗಿರಣಿಯ ಜಿಬ್ರಾಯೀಲ, ಹೆಂಡತಿ ತೀರಿಕೊಂಡವನು, ಪಾದ್ರಿಗಳ ಬಳಿ ಎರಡು ವರ್ಷದಿಂದ ಬಂದು ಕೂರುತ್ತಿದ್ದ. ಬಸ್ಮಾಳ ಮನಸ್ಸು ಕೇಳುವ ಧೈರ್ಯ ಅವನಿಗೂ ಇರಲಿಲ್ಲ. ಕೇಳಿ ಪ್ರಯೋಜನವೂ ಇರಲಿಲ್ಲ. ಗಂಡ ಸತ್ತನೆಂದು ಬಿಷಪ್ಪರು ಬರೆದುಕೊಡುವವರೆಗೆ ಅವಳು ಹೆಂಡತಿಯೇ, ವಿಧವೆಯಲ್ಲ. ಬಿಷಪ್ಪರು ಬರೆಯಬೇಕಾದರೆ ಹೆತ್ತವರೋ ಒಡಹುಟ್ಟಿದವರೋ ಬಂದು, ಅವನು ಸತ್ತಿದ್ದಾನೆಂದು ನಾವು ನಂಬುತ್ತೇವೆ ಎಂದು ಶಿಲುಬೆ ಮುಟ್ಟಿ ಹೇಳಬೇಕು. ಯಲ್ದಾನಿಗೆ ಇದ್ದದ್ದು ತಾಯಿ ಒಬ್ಬಳೇ.

ಆ ಪ್ಯಾಂಟಿನ ಪ್ರಸಂಗವಾದ ವಾರಕ್ಕೆ ಪಾದ್ರಿ ಮಿಖಾ ನನ್ನನ್ನು ಕರೆಸಿದರು. "ಮೇಷ್ಟ್ರೇ, ಹೇಗೂ ಕ್ಷಮೆ ಕೇಳೋಕೆ ಹೋಗ್ತೀರಿ. ಹಾಗೇ ಈ ಮಾತೂ ಎತ್ತಿ. ಮೋಸುಲಿನವನ ಹೇಳಿಕೆ ನನ್ನ ಹತ್ರ ಇದೆ. ಆದ್ರೆ ತಾಯಿಯೇ ಬದುಕಿದಾನೆ ಅಂತ ಮೊಟ್ಟೆ ಇಡ್ತಿರೋವಾಗ, ಸತ್ತಿದಾನೆ ಅಂತ ನಾನು ಹೇಗೆ ಬರೀಲಿ?"

"ನೀವೇ ಹೇಳಬಹುದಲ್ಲ ಸ್ವಾಮಿ?"

"ಹೇಳಿದೆ, ಎರಡು ಸಲ. ಎರಡು ಸಲವೂ ಚಹಾ ಕೊಟ್ಟು ಕಳಿಸಿದ್ಲು."

ನನಗೂ ಚಹಾ ಕೊಟ್ಟಳು. ಖರ್ಜೂರದ ಹೂರಣ ತುಂಬಿದ ಕಲೀಚಾ ಬಿಸ್ಕತ್ತನ್ನೂ ಇಟ್ಟಳು. ಗೋಡೆಗೆ ಹೊಸ ಸುಣ್ಣ ಹೊಡೆದಿದ್ದರೂ ಮಸಿ ಅಲ್ಲಲ್ಲಿ ಒಳಗಿಂದ ಇಣುಕುತ್ತಿತ್ತು. ಪಟದ ಮುಂದೆ ಗೋಧಿ ತುಂಬಿದ ಅಗಲ ಬಟ್ಟಲಲ್ಲಿ ಹಳೆಯ ವರ್ಷಗಳ ಕೆಂಪು ಮೊಟ್ಟೆಗಳು. ಒಳಗೆ ಒಣಗಿ ಹಗುರಾದವು, ಅಲ್ಲಾಡಿಸಿದರೆ ಗೋಲಿಯಂತೆ ಸದ್ದು ಮಾಡುವವು. ಈ ವರ್ಷದ ಜಾಗದಲ್ಲಿ ಬಿಳಿ ಬಟ್ಟೆಯ ಗಂಟು.

"ತಪ್ಪಾಯ್ತು ಶ್ಮೂನಿಯಮ್ಮ."

"ನೀವೇ ಹೇಳಿಕೊಟ್ರಿ, ನೀವೇ ಒಡೆದ್ರಿ. ನಾನು ಮಧ್ಯದಲ್ಲಿ ಯಾಕೆ ಬರಲಿ?" ಅಂದಳು. ಆ ಗಂಟನ್ನು ಮುಟ್ಟಿ, "ಒಡೆದಾಗ ಒಳಗೆ ನೋಡಿದೆ ಮೇಷ್ಟ್ರೇ. ಎಷ್ಟೋ ವರ್ಷದಿಂದ ನೋಡಿರಲಿಲ್ಲ" ಅಂದಳು.

"ಏನಿತ್ತು?"

"ಏನಿರುತ್ತೆ? ಮೊಟ್ಟೆ."

ಈ ಗಳಿಗೆಯನ್ನು ಹಿಡಿಯಬೇಕೆಂದು ನಾನು ಪಾದ್ರಿಗಳ ಮಾತನ್ನು ತೊದಲುತ್ತಾ ಎತ್ತಿದೆ. ಬಸ್ಮಾ ಎದ್ದು ಅಡಿಗೆ ಮನೆಗೆ ಹೋದಳು. ಶ್ಮೂನಿಯಮ್ಮನ ಮುಖ ಬಿಗಿಯಿತು.

"ಆ ಎಳ್ಳಿನವನು ನಿಮ್ಮನ್ನೂ ಹಿಡಿದುಕೊಂಡ್ನಾ? ನಮ್ಮನೆಗೆ ಎಷ್ಟು ಡಬ್ಬ ಎಳ್ಳಿನ ಗೊಜ್ಜು ಬರುತ್ತೆ ಗೊತ್ತಾ? ನಾವಿರೋದು ಇಬ್ರು. ಸ್ನಾನ ಮಾಡಬಹುದು ಅದರಲ್ಲಿ." ಆಮೇಲೆ ಅಡಿಗೆ ಮನೆಗೆ ಕೇಳುವಂತೆ, "ಹೋಗೋರು ಹೋಗಲಿ. ನಾನೇನು ಬಾಗಿಲಿಗೆ ಚಿಲಕ ಹಾಕಿದೀನಾ?"

ಚಿಲಕ ಎಂದದ್ದು ಅವಳಿಗೇ ತಟ್ಟಿತು.

ಒಳಗಿನಿಂದ ಬಸ್ಮಾ, ದನಿ ಏರಿಸದೆ, "ನಾನು ಎಲ್ಲಿಗೂ ಹೋಗಲ್ಲ ಅತ್ತೆ. ನಾನು ಕೇಳಿದೀನಾ?" ಅಂದಳು.

"ಕೇಳಲ್ಲ. ಅದೇ ನಿನ್ನ ರೋಗ" ಅಂದಳು ಅತ್ತೆ.

ನಾನು ಬಾಗಿಲವರೆಗೆ ಬಂದಾಗ ಶ್ಮೂನಿಯಮ್ಮ ಹಿಂದೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ಶಿಲುಬೆ ಮುಟ್ಟಿದ್ರೆ ಅವರು ಕೇಳ್ತಾರೆ, ಯಾಕೆ ವಾಪಸ್ ಹೋದ ಅಂತ. ಏನು ಹೇಳಲಿ? ಹನ್ನೆರಡು ಕೋಳಿಗೆ ನೀರಿಲ್ಲ ಅಂತ ಕಳಿಸಿದೆ ಅನ್ಲಾ? ಅದನ್ನ ಕಾಗದದಲ್ಲಿ ಬರೀತಾರಾ ಮೇಷ್ಟ್ರೇ?"

ನನ್ನ ಉತ್ತರ ಪತ್ರಿಕೆಗಳ ವಿಷಯವನ್ನೂ ಬರೆಸಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಉತ್ತರ ಬರೆಯದೆ ಎದ್ದುಹೋಗುವ ಹುಡುಗರಿಗೆ ನಾನು ಸೊನ್ನೆ ಕೊಡುತ್ತೇನೆ.

ಬೇಸಿಗೆ ಹೋಯಿತು, ಚಳಿ ಬಂತು. ಈ ವರ್ಷದ ಉಪವಾಸ ಶುರುವಾಯಿತು. ನಾನು ಅವರ ಮನೆಯ ಮುಂದೆ ಹೋಗುವಾಗಲೆಲ್ಲ ಹೆಜ್ಜೆ ಬೇಗ ಹಾಕುತ್ತಿದ್ದೆ. ಮಾರ್ಚಿನ ಕೊನೆಯಲ್ಲಿ ಒಂದು ಬೆಳಿಗ್ಗೆ ಅಂಗಳದಿಂದ ಕೋಳಿಯ ಆರ್ತನಾದ ಕೇಳಿ ನಿಂತೆ. ಶ್ಮೂನಿಯಮ್ಮ ಒಂದು ಕಂದು ಹೇಂಟೆಯನ್ನು ರೆಕ್ಕೆ ಸೇರಿಸಿ ಹಿಡಿದು ತಣ್ಣೀರಿನ ಬಕೆಟ್ಟಿನಲ್ಲಿ ಅದ್ದುತ್ತಿದ್ದಳು. ಬಸ್ಮಾ ಪಕ್ಕದಲ್ಲಿ ಚೆಂಬು ಹಿಡಿದು ನಿಂತಿದ್ದಳು.

"ಇದೇನು, ಕೋಳಿಗೂ ದೀಕ್ಷಾಸ್ನಾನವಾ?" ಎಂದೆ ಬೇಲಿಯಾಚೆಯಿಂದ. ನನ್ನ ರೋಗ ನನಗೆ.

"ಕಾವು ಕೂತಿದೆ" ಅಂದಳು ಶ್ಮೂನಿಯಮ್ಮ. "ಹುಂಜ ಇಲ್ಲ ನಮ್ಮನೇಲಿ. ಇದರ ಕೆಳಗಿರೋದೆಲ್ಲಾ ಬರಡು ಮೊಟ್ಟೆ. ಇಪ್ಪತ್ತೊಂದು ದಿನಕ್ಕೆ ಆಗಬೇಕಾದ್ದು, ನಲವತ್ತು ದಿನ ಆಯ್ತು, ಕಾಳು ಮುಟ್ಟಲ್ಲ, ನೀರು ಮುಟ್ಟಲ್ಲ. ನೋಡಿ, ಎದೆಮೂಳೆ ಕೈಗೆ ಸಿಗುತ್ತೆ. ಎಬ್ಬಿಸದಿದ್ರೆ ಕೂತಲ್ಲೇ ಸಾಯುತ್ತೆ."

"ಮೊಟ್ಟೆ ತೆಗೆದುಬಿಟ್ರೆ ಆಗಲ್ವಾ?"

"ತೆಗೆದೆ. ಬರೀ ಹುಲ್ಲಿನ ಮೇಲೆ ಕೂತಿತ್ತು."

ಅವಳು ಕೋಳಿಯನ್ನು ಕೆಳಗೆ ಬಿಟ್ಟಳು. ಅದು ತೊಪ್ಪೆಯಾಗಿ, ಅರ್ಧಕ್ಕಿಳಿದ ಗಾತ್ರದಲ್ಲಿ, ಬೈಯುತ್ತಾ ಗೂಡಿನ ಕಡೆ ಓಡಿತು. ಬಸ್ಮಾ ಅಡ್ಡ ಬಂದು ಗೂಡಿನ ಬಾಗಿಲು ಹಾಕಿದಳು. ಕೋಳಿ ಎರಡು ಸಲ ಬಾಗಿಲಿಗೆ ಗುದ್ದಿ, ಬಿಸಿಲಲ್ಲಿ ಸುಮ್ಮನೆ ನಿಂತಿತು. ಶ್ಮೂನಿಯಮ್ಮ ಒದ್ದೆ ಕೈಯಲ್ಲೇ ಸೊಸೆಯನ್ನು ನೋಡಿದಳು. ಸುಮಾರು ಹೊತ್ತು ನೋಡಿದಳು. ಬಸ್ಮಾಳ ಬೈತಲೆಯ ಎಡಕ್ಕೆ ಒಂದು ಎಳೆ ಬಿಳಿಯಾಗಿತ್ತು, ನಾನೂ ಅಂದೇ ಕಂಡದ್ದು. ಬಸ್ಮಾ, "ಏನತ್ತೆ?" ಅಂದಳು. "ಏನಿಲ್ಲ. ಕಾಳು ಹಾಕು" ಅಂದಳು ಶ್ಮೂನಿಯಮ್ಮ.

ಮೂರನೆಯ ದಿನ ಆ ಕೋಳಿ ಕಾಳು ತಿಂದಿತೆಂದು ನನ್ನ ಹೆಂಡತಿ ಬಂದು ಹೇಳಿದಳು. ಇಂಥ ಸುದ್ದಿಗಳು ನಮ್ಮೂರಲ್ಲಿ ರೇಡಿಯೋಗಿಂತ ಬೇಗ ಬರುತ್ತವೆ.

ಈ ಸಲದ ಪವಿತ್ರ ಗುರುವಾರ ನಮ್ಮ ಮನೆಯ ಮೊಟ್ಟೆಗಳನ್ನು ಹೆಂಡತಿಯೇ ಒಯ್ಯಬೇಕಿತ್ತು. ಮಂಡಿ ನೋವೆಂದು ನನ್ನನ್ನು ನೂಕಿದಳು. ನಾನು ಹೋದಾಗ ಹೆಂಗಸರೆಲ್ಲ ಬುಟ್ಟಿ ಕೊಟ್ಟು ಹೋಗಿಯಾಗಿತ್ತು. ಹಂಡೆ ಕುದಿಯುತ್ತಿತ್ತು, ಈರುಳ್ಳಿ ಸಿಪ್ಪೆ ಮೇಲೇಳುತ್ತಾ ಮುಳುಗುತ್ತಾ ಇತ್ತು. ಬಸ್ಮಾ ಬೆಂದವನ್ನು ತೆಗೆದು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದಳು. ಹೊಸಿಲ ಪಕ್ಕದಲ್ಲಿ, ಪ್ರತಿ ವರ್ಷ ಇರುವ ಜಾಗದಲ್ಲೇ, ತಣ್ಣನೆಯ ಕೆಂಪು ನೀರಿನ ಪುಟ್ಟ ಮಡಕೆ ಇತ್ತು. ಸೋಮವಾರವೇ ಅದರಲ್ಲಿ ಒಂದು ಮೊಟ್ಟೆ ಬಿಟ್ಟಿರುತ್ತಾಳೆ. ನಾನು ಅತ್ತ ನೋಡದಂತೆ ನೋಡಿ, ನನ್ನ ಕಾಲು ಅದಕ್ಕೆ ತಾಗದಂತೆ ಮೂರು ಮಾರು ದೂರ ಸ್ಟೂಲು ಹಾಕಿಕೊಂಡೆ.

"ಹತ್ರ ಬನ್ನಿ ಮೇಷ್ಟ್ರೇ, ಕಚ್ಚಲ್ಲ" ಅಂದಳು ಶ್ಮೂನಿಯಮ್ಮ.

ಅವಳು ಸೌಟು ಬದಿಗಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ಮಡಕೆಗೆ ಕೈ ಹಾಕಿದಳು. ಮೊಟ್ಟೆ ಹೊರಗೆ ಬಂತು. ಮೂರು ದಿನ ನೆನೆದದ್ದು, ದಾಳಿಂಬೆಯ ಕೆಂಪು. ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಒರೆಸಿದಳು. ಬೆಳಕಿಗೆ ಹಿಡಿದು ನೋಡಿದಳು. ಬಸ್ಮಾ ಕೈಯಲ್ಲಿದ್ದ ಬಟ್ಟೆಯನ್ನು ನಿಲ್ಲಿಸಿದಳು.

ಶ್ಮೂನಿಯಮ್ಮ ಹಂಡೆಯ ಬಳಿ ಬಂದು, ಸೌಟಿನಲ್ಲಿ ಆ ಮೊಟ್ಟೆಯನ್ನಿಟ್ಟು, ಮೆಲ್ಲಗೆ, ಬಿರಿಯದಂತೆ, ಕುದಿಯುವ ನೀರಿಗೆ ಇಳಿಸಿದಳು.

ಒಂದೆರಡು ಗುಳ್ಳೆ ಎದ್ದವು. ಅದು ಉಳಿದವುಗಳ ನಡುವೆ ಸೇರಿಕೊಂಡು, ಒಂದು ಸಲ ಕಾಣಿಸಿ, ಆಮೇಲೆ ಯಾವುದೆಂದು ಗುರುತು ಸಿಗದಂತಾಯಿತು.

"ಅತ್ತೆ" ಅಂದಳು ಬಸ್ಮಾ. ಒರೆಸುತ್ತಿದ್ದ ಮೊಟ್ಟೆಯನ್ನೇ ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡು ನೆಲಕ್ಕೆ ಕುಸಿದಳು. ಬೆಂದದ್ದಾದ್ದರಿಂದ ಅದು ಬರೀ ಬಿರಿಯಿತು. ಹತ್ತು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ತಗಡಿನ ಗೋಡೆಯಾಚೆಯಿಂದಲೂ ಕೇಳಿರಲಿಲ್ಲ.

"ಅಳು, ಆಮೇಲೆ ಸಿಪ್ಪೆ ತೆಗೆದು ತಿನ್ನಬೇಡ, ಇನ್ನೂ ಉಪವಾಸ ಇದೆ" ಅಂದಳು ಶ್ಮೂನಿಯಮ್ಮ. ಅವಳ ಕಣ್ಣು ಹಂಡೆಯ ಮೇಲೇ ಇತ್ತು. "ಸೋಮವಾರ ಅವನಪ್ಪನ ಗೋರಿ ಪಕ್ಕ ಇನ್ನೊಂದು ಕಲ್ಲು ಇಡಿಸಬೇಕು. ಕೆಳಗೆ ಏನೂ ಇಲ್ಲ ಅಂದ್ರೂ ಕುಟ್ಟೋಕೆ ಕಲ್ಲು ಬೇಕಲ್ಲ. ಆ ಎಳ್ಳಿನವನಿಗೆ ಹೇಳಿ ಮೇಷ್ಟ್ರೇ, ಅವನ ಗಿರಣಿ ಹಿಂದೆ ಹಳೇ ಬೀಸುಕಲ್ಲಿದೆ, ಅದೇ ಸಾಕು. ಅಲ್ಲಿಂದ ಹಾಗೇ ಪಾದ್ರಿಗಳ ಹತ್ರ ಬರ್ತೀನಿ. ಶಿಲುಬೆ ತೆಗೆದಿಟ್ಟಿರಲಿ. ಕೋಳಿ ವಿಷಯ ನಾನೇ ಹೇಳ್ತೀನಿ, ಬರ್ಕೊಳ್ಳಲಿ."

"ನಾನೂ ಬರ್ತೀನಿ" ಎಂದೆ. "ನನ್ನ ಉತ್ತರ ಪತ್ರಿಕೆ ವಿಷಯಾನೂ ಬರೆಸಬೇಕು."

ಅವಳು ಮೊದಲ ಸಲ ನನ್ನತ್ತ ತಿರುಗಿದಳು. "ಅದು ನನಗೆ ಗೊತ್ತಿತ್ತು" ಅಂದಳು. "ನೀವು ಯಾವಾಗ ಹೇಳ್ತೀರಿ ಅಂತ ನೋಡ್ತಿದ್ದೆ." ಮತ್ತೆ ಹಂಡೆಯ ಕಡೆ ತಿರುಗಿ ಸೌಟು ಆಡಿಸತೊಡಗಿದಳು.

ನನಗೆ ಏನಾದರೂ ಹೇಳಬೇಕಿತ್ತು. ಇಪ್ಪತ್ತೆಂಟು ವರ್ಷ ಮಾತನ್ನೇ ತಿಂದು ಬದುಕಿದವನು ನಾನು. ಹಂಡೆ ಕುದಿಯುತ್ತಿತ್ತು, ಬಸ್ಮಾ ಅಳುತ್ತಿದ್ದಳು, ಕಂದು ಕೋಳಿ ಅಂಗಳದಲ್ಲಿ ಏನನ್ನೋ ಕುಕ್ಕುತ್ತಿತ್ತು. ಚಟಾಕಿ ಒಂದೂ ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ:

"ಎಷ್ಟು ಹೊತ್ತು ಬೇಯಬೇಕು ಶ್ಮೂನಿಯಮ್ಮ?"

"ಹನ್ನೆರಡು ನಿಮಿಷ" ಅಂದಳು. "ಬಾತುಕೋಳಿದಾದ್ರೆ ಹದಿನೈದು."